ಭಾನುವಾರ ಒಂಬತ್ತು ಹತ್ತರ ದಯಾಮಣಿ

ಚಿಕ್ಕಬಳ್ಳಾಪುರದ ದಯಾಮಣಿ ರೇಡಿಯೋದಲ್ಲಿ ಹಾಡುತ್ತಾಳೆ ಎಂಬುದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆಲ್ಲ ಗೊತ್ತಿತ್ತು. ಮೇಲೂರಿನ ಅರಳಿಕಟ್ಟೆಗೆ ಗೊತ್ತಿತ್ತು, ಚಿಂತಾಮಣಿ ಬಸ್ ಡಿಪೋದ ಕ್ಯಾಂಟೀನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅವಳ ಸ್ವಂತ ಚರ್ಚಿನ ಜನಕ್ಕೆ. ಗೊತ್ತಿಲ್ಲ ಅಂದರೆ, ಸುದ್ದಿ ಗೊತ್ತು; ಕಿವಿಯಾರೆ ಕೇಳಿದವರು ಒಬ್ಬರೂ ಇರಲಿಲ್ಲ. ಕೇಳುವುದಾದರೂ ಹೇಗೆ ಹೇಳಿ? ರೇಡಿಯೋದವರು ಅವಳ ಹಾಡು ಹಾಕುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಕ್ರೈಸ್ತ ಭಕ್ತಿಗೀತೆ ತಾನೆ, ಭಾನುವಾರ ಹಾಕಿದರೆ ಕ್ರೈಸ್ತರೆಲ್ಲ ಸಂತೋಷವಾಗಿ ಕೇಳುತ್ತಾರೆ ಅಂತ ಯಾರೋ ಪುಣ್ಯಾತ್ಮರು ಯೋಚಿಸಿದ್ದರು. ಆ ಹೊತ್ತಿಗೆ ಕ್ರೈಸ್ತರೆಲ್ಲ ಎಲ್ಲಿರುತ್ತಾರೆ ಎಂಬುದು ಮಾತ್ರ ಆ ಪುಣ್ಯಾತ್ಮರಿಗೆ ಹೊಳೆಯಲಿಲ್ಲ.

ದಯಾಮಣಿ ತಾನೂ ಆ ಹೊತ್ತಿಗೆ ಚರ್ಚಿನಲ್ಲೇ ಇರುತ್ತಿದ್ದಳು. ಕ್ವಾಯರಿನ ಎರಡನೇ ಸಾಲು, ಎಡದಿಂದ ಮೂರನೆಯವಳು. ನೀಲಿ ಅಂಚಿನ ಬಿಳಿ ಸೀರೆ, ಕೈಯಲ್ಲಿ ಕೀರ್ತನೆ ಪುಸ್ತಕ. ಇಲ್ಲಿ ಒಬ್ಬ ದಯಾಮಣಿ ಹಾಡುತ್ತಿರುವಾಗ ಗಾಳಿಯಲ್ಲಿ ಇನ್ನೊಬ್ಬ ದಯಾಮಣಿ ತನ್ನ ಪಾಡಿಗೆ ಹಾಡಿ ಹೋಗಿಬಿಡುತ್ತಿದ್ದಳು. 2001ರಿಂದ ಐದು ವರ್ಷ ಹೀಗೇ ನಡೆಯಿತು. ತನ್ನ ದನಿ ರೇಡಿಯೋದೊಳಗಿಂದ ಬಂದರೆ ಹೇಗಿರುತ್ತದೆ ಎಂದು ಅವಳಿಗೇ ಗೊತ್ತಿಲ್ಲ! ಅದಕ್ಕೇನೂ ಅವಳು ಕೊರಗುತ್ತಿರಲಿಲ್ಲ ಬಿಡಿ. ಅವಳಿಗೆ ಇದ್ದದ್ದು ಒಂದೇ ಆಸೆ. ತಿಮೋತಿ ಮೇಷ್ಟ್ರು ಒಂದು ಸಲ, ಒಂದೇ ಒಂದು ಸಲ, ತನ್ನ ರೇಡಿಯೋ ಹಾಡು ಕೇಳಬೇಕು.

ತಿಮೋತಿ ಗಂಗುಲಪ್ಪ ಎಂಬುದು ಮೇಷ್ಟ್ರ ಪೂರ್ತಿ ಹೆಸರು. ಅವರ ತಾತ ಕ್ರೈಸ್ತರಾದಾಗಲೂ ಗಂಗುಲಪ್ಪ ಅನ್ನುವ ಮನೆತನದ ಹೆಸರನ್ನು ಬಿಟ್ಟುಕೊಡಲಿಲ್ಲವಂತೆ, ಮೊಮ್ಮಗನೂ ಬಿಡಲಿಲ್ಲ. ರಿಟೈರ್ ಆಗುವವರೆಗೆ ವಾರವೆಲ್ಲ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಭಾನುವಾರ ಕ್ವಾಯರ್ ಮೇಷ್ಟ್ರು. ಎರಡಕ್ಕೂ ಒಂದೇ ಅಡಿಕೋಲು. ನಲವತ್ತು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಅವರ ಹಾಡುಗಾರಿಕೆಗೆ ಇದ್ದದ್ದು ಒಂದೇ ಕಾನೂನು: ಸ್ವರ ನೆಟ್ಟಗೆ ನಿಲ್ಲಬೇಕು. ಹೆಂಗಸರಲ್ಲಿ ಮೇಲ್ದನಿ, ಕೆಳದನಿ, ಗಂಡಸರಲ್ಲಿ ಮತ್ತೆರಡು, ಹೀಗೆ ನಾಲ್ಕು ದನಿ ಒಟ್ಟಿಗೆ ಹೋಗುವಾಗ ಒಬ್ಬರು ಅಲುಗಾಡಿಸಿದರೂ ಉಳಿದ ಮೂವರಿಗೆ ತಗುಲುತ್ತದೆ. ಅದು ನಿಜವೇ. ಆದರೆ ಮೇಷ್ಟ್ರು ಆ ನಿಜವನ್ನು ಕಬ್ಬಿಣದ ಸಲಾಕೆ ಮಾಡಿಟ್ಟುಕೊಂಡಿದ್ದರು.

ದಯಾಮಣಿಯ ದನಿಯೋ, ಹುಟ್ಟಿನಿಂದಲೇ ಬಳುಕುವ ದನಿ. ಅವಳಪ್ಪ ಬಯ್ಯಪ್ಪ ಮಿಶನ್ ಬಂಗಲೆಯ ಮಾಲಿ. ಅಮ್ಮ ಅಕ್ಕಯಮ್ಮ ಆಂಧ್ರದ ಗಡಿಯಿಂದ ಬಂದ ತೆಲುಗು ಮಾತಿನ ಹೆಂಗಸು, ದ್ರಾಕ್ಷಿ ತೋಟದ ಕೂಲಿ. ಅಕ್ಕಯಮ್ಮ ರಾಗಿಕಲ್ಲಿನ ಮುಂದೆ ಕೂತು ಹಾಡಿದರೆ ಒಂದೊಂದು ಸ್ವರವೂ ಮೂರು ಸುತ್ತು ಸುತ್ತಿ ಆಮೇಲೆ ಕೂರುತ್ತಿತ್ತು. ಮಗಳು ಹಾಲಿನ ಜೊತೆ ಅದನ್ನೇ ಕುಡಿದಳು. ಹದಿನಾಲ್ಕನೇ ವಯಸ್ಸಿಗೆ ಕ್ವಾಯರ್ ಸೇರಿದ ಮೊದಲ ದಿನವೇ ತಿಮೋತಿ ಮೇಷ್ಟ್ರು ಅಡಿಕೋಲನ್ನು ಅವಳ ಕಡೆ ತಿರುಗಿಸಿದರು. "ಏಮಮ್ಮಾ, ಬಯ್ಯಪ್ಪನ ಮಗಳೇ! ಸ್ವರಕ್ಕೆ ಬಳ್ಳಿ ಯಾಕೆ ಬಿಡ್ತೀಯ? ಕತ್ತರಿಸಿ ಹಾಕು ಅದನ್ನ."

ಕತ್ತರಿಸಿದಳು ಪಾಪ. ಇಪ್ಪತ್ತು ವರ್ಷ ಕತ್ತರಿಸಿದಳು. ಕೊನೆಗೆ ಕೆಳದನಿ ಸಾಲಿಗೆ ಅವಳೇ ಆಧಾರವಾದಳು. ಅವಳೊಬ್ಬಳು ಬರದಿದ್ದರೆ ಉಳಿದ ನಾಲ್ವರು ಹೆಂಗಸರು ಹಾಡಿನ ಎರಡನೇ ಸಾಲಿಗೇ ದಾರಿ ತಪ್ಪಿ ಮೇಲ್ದನಿಯವರ ಹಿಂದೆ ಹೊರಟುಬಿಡುತ್ತಿದ್ದರು. ಗಂಡಸರ ಕಡೆ ಗಡಸು ದನಿಯಲ್ಲಿ ನಿಲ್ಲುತ್ತಿದ್ದ ಕನಕರಾಜ್, ಚಿಂತಾಮಣಿ ಡಿಪೋದ ಮೆಕ್ಯಾನಿಕ್, ಅವಳನ್ನು ಮದುವೆಯಾದ. ಅವಳಿಗೆ ಮೇಲೂರಿನಲ್ಲಿ ಅಂಗನವಾಡಿ ಟೀಚರ್ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸು, ಮಕ್ಕಳು, ಉಪ್ಪಿಟ್ಟು, ಸಂಜೆ ಬಸ್ಸು. ಶನಿವಾರ ಸಂಜೆ ಕ್ವಾಯರ್ ಪ್ರಾಕ್ಟೀಸು. ಚೆನ್ನಾಗಿಯೇ ಇತ್ತು ಬದುಕು.

ರೇಡಿಯೋದ ಹುಚ್ಚು ಹತ್ತಿಸಿದವನು ಕನಕರಾಜನೇ. ಡಿಪೋದಲ್ಲಿ ಯಾರೋ ಆಡಿಷನ್ನಿನ ವಿಷಯ ಹೇಳಿದ್ದನ್ನು ಕೇಳಿಕೊಂಡು ಬಂದು ಅರ್ಜಿ ಹಾಕಿಸಿದ. 1999ರಲ್ಲಿ ಗಂಡ ಹೆಂಡತಿ ಬೆಂಗಳೂರಿನ ಬಸ್ಸು ಹತ್ತಿದರು. ದಪ್ಪ ಗಾಜಿನ ಆಚೆ ಕೂತವರು ಹಾಡು ಕೇಳಿ, "ಶ್ರುತಿ ತುಂಬಾ ಚೆನ್ನಾಗಿದೆಯಮ್ಮ, ಆದರೆ ಎಲ್ಲ ಸ್ವರವನ್ನೂ ಕಂಬ ನೆಟ್ಟ ಹಾಗೆ ನಿಲ್ಲಿಸಿಬಿಡ್ತೀರಲ್ಲ! ಸ್ವಲ್ಪ ಗಮಕ ಬರಲಿ. ಇನ್ನೊಂದು ಸಲ ಪ್ರಯತ್ನ ಮಾಡಿ," ಅಂದರು. ದಯಾಮಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಳುಕುತ್ತದೆ ಅಂತ ಅಲ್ಲಿ ಬೈಗುಳ, ಬಳುಕುವುದಿಲ್ಲ ಅಂತ ಇಲ್ಲಿ ಫೇಲು. ವಾಪಸು ಬರುವಾಗ ಬಸ್ಸು ದೇವನಹಳ್ಳಿ ದಾಟಿತು. ಆಮೇಲೆ ಗಂಡನ ಕಡೆ ತಿರುಗಿ, "ನಮ್ಮ ಮೇಷ್ಟ್ರು ಕೆಲಸಾನ ಎಷ್ಟು ಪಕ್ಕಾ ಮಾಡವ್ರೆ ನೋಡ್ರೀ," ಅಂದಳು.

ಅಲ್ಲಿಂದ ಎರಡು ವರ್ಷ ಅವಳು ಎರಡು ದನಿ ಸಾಕಿದಳು. ಭಾನುವಾರಕ್ಕೆ ನೆಟ್ಟಗಿನ ದನಿ. ಉಳಿದ ದಿನಕ್ಕೆ ಅಮ್ಮನ ದನಿ. ಮೇಲೂರಿನ ಅಂಗನವಾಡಿಯಲ್ಲಿ ಅಡಿಕೋಲಿನ ಭಯವಿಲ್ಲ; ಮಕ್ಕಳನ್ನು ಮಧ್ಯಾಹ್ನ ಮಲಗಿಸುವಾಗ ಅಕ್ಕಯಮ್ಮನ ಪದಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಹಾಡುತ್ತಿದ್ದಳು. ಮೊದಮೊದಲು ಗಂಟಲು ಮಾತೇ ಕೇಳಲಿಲ್ಲ, ಆಮೇಲಾಮೇಲೆ ಸುತ್ತು ತಾನಾಗಿ ಬಂತು. 2001ರಲ್ಲಿ ಪಾಸಾದಳು. ಅಂಚೆಯಣ್ಣ ಪ್ರಸಾರದ ವೇಳೆಯೂ ಬರೆದಿದ್ದ ಕಾಗದ ತಂದುಕೊಟ್ಟ ದಿನ ಅವಳು ಚಪ್ಪಲಿ ಕೂಡ ಹಾಕಿಕೊಳ್ಳದೆ ಮೇಷ್ಟ್ರ ಮನೆಗೆ ಓಡಿದಳು.

ಮೇಷ್ಟ್ರು ಕನ್ನಡಕ ಏರಿಸಿ ಕಾಗದ ಓದಿದರು. "ಒಳ್ಳೇದಾಯ್ತಮ್ಮ," ಅಂದರು. ಕಾಗದ ವಾಪಸು ಕೊಡುತ್ತಾ, "ಭಾನುವಾರ ಬರೋವಾಗ ಮಾತ್ರ ಆ ಬಳ್ಳೀನ ಮನೇಲೇ ಬಿಟ್ಟು ಬಾ," ಅಂದರು.

"ನೀವು ಒಂದ್ಸಲ ಕೇಳಿ ಮೇಷ್ಟ್ರೇ. ಆಮೇಲೆ ಹೇಳಿ," ಅಂದಳು ದಯಾಮಣಿ.

"ಭಾನುವಾರ ಒಂಬತ್ತು ಹತ್ತಕ್ಕೆ ನಾನೆಲ್ಲಿರ್ತೀನಿ? ನೀನೆಲ್ಲಿರ್ತೀಯ? ಅಂಥಾ ಹೊತ್ತಲ್ಲಿ ರೇಡಿಯೋ ಮುಂದೆ ಕೂರೋಕೆ ನನಗೇನು ಬುದ್ಧಿ ಕೆಟ್ಟದಾ?"

ಬೇರೆ ಯಾರು ಹೊಗಳಿದರೇನು, ಬಿಟ್ಟರೇನು? ಅ ಆ ಇ ಈಯಂತೆ ಸ್ವರ ತಿದ್ದಿಸಿದವರು ಕೇಳದೆ ಇದ್ದರೆ ಅದು ಹಾಡಿದ ಲೆಕ್ಕವೇ ಅಲ್ಲ ಎಂಬುದು ಅವಳ ಹಟ.

ಹಾಗಾಗಿ ಕ್ಯಾಸೆಟ್ಟಿನ ಸಾಹಸ ಶುರುವಾಯಿತು. ಪಕ್ಕದ ಮನೆಯ ಲಕ್ಷ್ಮೀನರಸಮ್ಮನಿಗೆ ಟೇಪ್ ರೆಕಾರ್ಡರ್ ಕೊಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಬೇಕು ಅಂತ ನಾಲ್ಕು ಸಲ ಹೇಳಿಕೊಟ್ಟು ಚರ್ಚಿಗೆ ಹೋದಳು. ಆಯಮ್ಮ ಸ್ನಾನ ಮಾಡಿ, ದೀಪ ಹಚ್ಚಿ, ರೇಡಿಯೋದ ಮುಂದೆ ಕೈಮುಗಿದು ಕೂತು ಹಾಡನ್ನು ಪೂರ್ತಿ ಕೇಳಿದಳು. ಗುಂಡಿಯನ್ನು ಮಾತ್ರ ಮುಟ್ಟಲಿಲ್ಲ. "ದೇವರ ಹಾಡು ಬರ್ತಾ ಇರೋವಾಗ ನಡುವೆ ಕೈ ಹಾಕಿ ಟಕ್ ಅನ್ನಿಸೋದಾ? ನನ್ನ ಕೈಲಿ ಆಗಲಿಲ್ಲ ಕಣೇ ದಯಾ. ಆದ್ರೂ ಏನು ಹಾಡ್ದೆ ತಾಯಿ!" ಅಂದಳು. ಅವಳನ್ನು ಬೈಯುವುದಾದರೂ ಹೇಗೆ.

ಇನ್ನೊಬ್ಬರು ಶಿಡ್ಲಘಟ್ಟದ ಚಾಂದ್ ಪಾಷ, ರೇಷ್ಮೆ ನೂಲು ಬಿಚ್ಚುವ ಮಿಷನ್ನುಗಳ ಮಾಲೀಕರು. ಅವರ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆವರೆಗೆ ರೇಡಿಯೋ ಹಾಡುತ್ತಲೇ ಇರಬೇಕು. ಒಮ್ಮೆ ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನಲ್ಲಿ ದಯಾಮಣಿ ಕಂಡಕ್ಟರಿನ ಜೊತೆ ಚಿಲ್ಲರೆಗೆ ಜಗಳ ಆಡುತ್ತಿದ್ದಾಗ ಹಿಂದಿನಿಂದ ಬಂದು, "ಅಕ್ಕಾ, ಭಾನುವಾರ ರೇಡಿಯೋದಲ್ಲಿ ಹಾಡೋರು ನೀವೇ ಅಲ್ವಾ? ಈ ಗಂಟಲು ನನಗೆ ಗೊತ್ತು," ಅಂದಿದ್ದರು. ಬರಿಯ ಜಗಳದಲ್ಲೇ ದನಿ ಗುರುತು ಹಿಡಿದ ಮನುಷ್ಯ! ಅವರಿಗೆ ಹೇಳಿದಳು. ಅವರು ಭಕ್ತಿಯಿಂದ ರೆಕಾರ್ಡ್ ಮಾಡಿ ಕ್ಯಾಸೆಟ್ಟನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕಳಿಸಿದರು. ಮೇಷ್ಟ್ರ ಮನೆಯಲ್ಲಿ ಹಾಕಿದರೆ ಏನು ಕೇಳಬೇಕು ಹೇಳಿ? ಗರಗರಗರ ಮಿಷನ್ನು, ಕುದಿಯುವ ನೀರು, ನಡುವೆ ಚಾಂದ್ ಪಾಷ ಯಾರಿಗೋ "ಗೂಡು ಬೆಂದಿಲ್ವೋ, ತಡಿಯೋ!" ಅಂತ ಕೂಗಿದ್ದು. ಎಲ್ಲೋ ಪಾತಾಳದಲ್ಲಿ ದಯಾಮಣಿ. ಮೇಷ್ಟ್ರು ಕೊನೆಯವರೆಗೂ ಗಂಭೀರವಾಗಿ ಕೇಳಿ, "ಮಿಷನ್ನು ಶ್ರುತೀಲಿ ಐತಮ್ಮ," ಅಂದರು. ಅವಳು ವಾರವೆಲ್ಲ ಮುಖ ಊದಿಸಿಕೊಂಡು ಓಡಾಡಿದಳು.

ಹೀಗೆ ನಗುನಗುತ್ತಲೇ ವರ್ಷಗಳು ಉರುಳುತ್ತಿದ್ದವೋ ಏನೋ. ಆದರೆ 2006ರ ಮಳೆಗಾಲದಲ್ಲಿ ಒಂದು ಶನಿವಾರ, ಪ್ರಾಕ್ಟೀಸಿಗೆ ಮುಂಚೆ ಮೇಷ್ಟ್ರು ಶ್ರುತಿ ಹಿಡಿಯುವ ಉಕ್ಕಿನ ಕವಲು ಕಡ್ಡಿಯನ್ನು ಮಾಮೂಲಿನಂತೆ ಮೊಣಕಾಲಿಗೆ ಬಡಿದು ಬಲಗಿವಿಗೆ ಹಿಡಿದರು. ಹುಬ್ಬು ಗಂಟಿಕ್ಕಿ ಮತ್ತೆ ಬಡಿದರು. ಎಡಗಿವಿಗೆ ಹಿಡಿದರು. ಆಮೇಲೆ ಯಾರೂ ನೋಡುತ್ತಿಲ್ಲ ಅಂದುಕೊಂಡು ಕಿವಿಗೆ ಕೇಳದ ನಾದ ಮೂಳೆಗಾದರೂ ತಾಗಲಿ ಎಂಬಂತೆ ಅದನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕಣ್ಣು ಮುಚ್ಚಿದರು. ದಯಾಮಣಿ ನೋಡಿದಳು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಬಲಗಿವಿ ಮುಗಿದಿದೆ, ಎಡಗಿವಿಯೂ ಇಳಿಯುತ್ತಿದೆ, ಇನ್ನೊಂದು ವರ್ಷ ಇದ್ದರೆ ಹೆಚ್ಚು. ಕಿವಿಗೆ ಹಾಕುವ ಮಿಷನ್ನು ಕೊಡಿಸಿದರೆ ಮೇಷ್ಟ್ರು ಎರಡೇ ದಿನಕ್ಕೆ ಕಿತ್ತು ಡ್ರಾಯರಿನಲ್ಲಿ ಹಾಕಿದರು. ಎಲ್ಲರ ದನಿಯೂ ತಗಡು ಬಡಿದ ಹಾಗೆ ಕೇಳುತ್ತದಂತೆ. ಕ್ವಾಯರನ್ನು ಮಾತ್ರ ಬಿಡಲಿಲ್ಲ. ಬಾಯಿಗಳನ್ನು ನೋಡಿಕೊಂಡೇ ತಪ್ಪು ಹಿಡಿಯುತ್ತಿದ್ದರು. "ನವೆಂಬರಿನ ಕೊಯ್ಲಿನ ಹಬ್ಬ ಒಂದು ಮುಗಿಸಿಬಿಡ್ತೀನಿ. ಆಮೇಲೆ ನೀವುಂಟು, ನಿಮ್ಮ ಹಾಡುಂಟು," ಅಂದರು ಎಪ್ಪತ್ತೆಂಟು ವರ್ಷದ ಮೇಷ್ಟ್ರು.

ಇನ್ನು ಕಾಯುವಂತಿಲ್ಲ ಎಂಬುದು ದಯಾಮಣಿಗೆ ಖಾತ್ರಿಯಾಯಿತು. ಅದೇ ತಿಂಗಳು ರೇಡಿಯೋದ ವರಲಕ್ಷ್ಮಿ ಮೇಡಂ, ಅವಳ ಹಾಡುಗಳನ್ನು ರೆಕಾರ್ಡ್ ಮಾಡಿಸುತ್ತಿದ್ದವರು, ಒಂದು ಮಾತು ಹೇಳಿದರು. "ನಾವು ಕೊಟ್ಟ ಸಾಹಿತ್ಯ ಸಾಕು ದಯಾಮಣಿ. ಈ ಸಲ ನಿಮ್ಮ ಚರ್ಚಿನಲ್ಲೇ ಹುಟ್ಟಿದ ಹಾಡು ಯಾವುದಾದರೂ ಇದ್ದರೆ ತನ್ನಿ."

ಇತ್ತು. ಎಂಬತ್ತು ವರ್ಷದ ಹಿಂದೆ ಊರೂರು ಸುತ್ತಿ ಪಾಠ ಹೇಳುತ್ತಿದ್ದ ಚೆನ್ನರಾಯಪ್ಪ ಉಪದೇಶಿ ಕಟ್ಟಿದ ಕೊಯ್ಲಿನ ಹಾಡು, "ಕತ್ತಲ ಹೊಲದಲಿ ಬೆಳಕನು ಬಿತ್ತಿದ ಒಡೆಯನೆ." ಅದಕ್ಕೆ ನಾಲ್ಕು ದನಿ ಕೂರಿಸಿದವರು ತಿಮೋತಿ ಮೇಷ್ಟ್ರೇ. ಆ ಚರ್ಚಿನಲ್ಲಿ ಹುಟ್ಟಿದ ಮಗುವಿಗೂ ಆ ಹಾಡು ಬಾಯಿಪಾಠ. ದಯಾಮಣಿ ಅದನ್ನೇ ಒಯ್ದಳು. ತಬಲ, ಕೊಳಲಿನ ಜೊತೆ ನಿಂತು ಅವಳು ಅದನ್ನು ನೆಟ್ಟಗೆ ಹಾಡಲಿಲ್ಲ. ತನ್ನಮ್ಮ ಹಾಡಿದ್ದರೆ ಹೇಗೆ ಹಾಡುತ್ತಿದ್ದಳೋ ಹಾಗೆ, ಒಂದೊಂದು ಸಾಲನ್ನೂ ಬಳುಕಿಸಿ, ನಿಲ್ಲಿಸಿ, ಮತ್ತೆ ಬಳುಕಿಸಿ ಹಾಡಿಬಿಟ್ಟಳು. ಹೊರಗೆ ಬಂದ ಮೇಲೆ ಯೋಚನೆ ಹತ್ತಿತು. ಮೇಷ್ಟ್ರ ಜೀವಮಾನದ ಹಾಡನ್ನೇ ಸೊಟ್ಟ ಮಾಡಿಬಿಟ್ಟೆನಲ್ಲ, ಕೇಳಿದರೆ ಏನಂದಾರು? ಕೇಳದೆಯೇ ಹೋದರೆ? ಎರಡಕ್ಕೂ ಹೆದರಿಕೆ.

ಪ್ರಸಾರದ ಕಾಗದ ಬಂತು. ನವೆಂಬರ್ ತಿಂಗಳ ಭಾನುವಾರ, ಬೆಳಿಗ್ಗೆ ಒಂಬತ್ತು ಹತ್ತು. ದಿನಾಂಕ ನೋಡಿದರೆ ಕೊಯ್ಲಿನ ಹಬ್ಬದ ಭಾನುವಾರವೇ! ದಯಾಮಣಿ ಕಾಗದ ಹಿಡಿದುಕೊಂಡು ಸೀದಾ ರವಿಚಂದ್ರ ಅಯ್ಯನವರ ಹತ್ತಿರ ಹೋದಳು. ಹೊಸದಾಗಿ ಬಂದಿದ್ದ ಸಭಾಪಾಲಕರು, ವಯಸ್ಸು ಚಿಕ್ಕದು, ಮನಸ್ಸು ಮೆತ್ತಗೆ.

"ಅಯ್ಯನವರೇ, ನನಗೆ ಇನ್ನೇನೂ ಬೇಡ. ಆರಾಧನೆ ನಡುವೆ ಐದೇ ನಿಮಿಷ ರೇಡಿಯೋ ಹಾಕ್ಸಿ. ಮೇಷ್ಟ್ರ ಕಿವಿ ಪೂರ್ತಿ ಹೋಗೋದರೊಳಗೆ ಒಂದ್ಸಲ ಅವರು ಕೇಳಬೇಕು," ಅಂದಳು. ಅನ್ನುವಾಗ ಅತ್ತೂಬಿಟ್ಟಳು.

ವಿಷಯ ಕಮಿಟಿಗೆ ಹೋಯಿತು. ಚರ್ಚಿನ ಹಿರಿಯ ಜಯರಾಮಪ್ಪ ಮೇಜು ಕುಟ್ಟಿದರು. "ದೇವರ ಸನ್ನಿಧೀಲಿ ರೇಡಿಯೋನಾ? ಇವತ್ತು ಹಾಡು ಅಂತೀರಿ, ನಾಳೆ ಕ್ರಿಕೆಟ್ ಕಾಮೆಂಟರಿ ಹಾಕ್ತೀರಿ!" ಅರ್ಧ ಗಂಟೆ ಜಗ್ಗಾಟ ನಡೆಯಿತು. ಕೊನೆಗೆ ಅಯ್ಯನವರು, ಬೆಳೆಯ ಕಾಣಿಕೆ ಇಡುವ ಹೊತ್ತಿನಲ್ಲಿ ಹಾಕೋಣ, ಅವಳ ದನಿಯೂ ಅವಳ ಬೆಳೆ ತಾನೇ, ಅಂದರು. ಜಯರಾಮಪ್ಪ ಕುಟ್ಟುತ್ತಿದ್ದ ಕೈಯನ್ನು ಮೇಜಿನಿಂದ ತೆಗೆದರು. ಮೇಷ್ಟ್ರಿಗೂ ಸುದ್ದಿ ಮುಟ್ಟಿಸಿದರು.

ಕೊಯ್ಲಿನ ಹಬ್ಬದ ದಿನ ಆ ಚರ್ಚನ್ನು ನೋಡಬೇಕು. ಪೀಠದ ಮುಂದೆ ರಾಗಿ ತೆನೆಯ ಕಟ್ಟು, ದ್ರಾಕ್ಷಿ ಬುಟ್ಟಿ, ಚಿಂತಾಮಣಿಯಿಂದ ಬಂದ ಟೊಮೆಟೊ, ಗೌರಿಬಿದನೂರಿನ ಸಂಬಂಧಿಕರು ತಂದ ಮೆಕ್ಕೆಜೋಳ, ಒಂದು ಮೊರದ ತುಂಬ ರೇಷ್ಮೆ ಗೂಡು. ಕಾಲು ಕಟ್ಟಿದ ಒಂದು ಹುಂಜ ಆರಾಧನೆ ಶುರುವಾದಾಗಿನಿಂದ ತನ್ನದೇ ರಾಗದಲ್ಲಿತ್ತು. ಇವುಗಳ ಮಧ್ಯೆ ಎರಡು ಕುಂಬಳಕಾಯಿಗೆ ಆತು ಕೂತದ್ದು ಕನಕರಾಜ್ ಡಿಪೋ ಕ್ಯಾಂಟೀನಿನಿಂದ ಹೊತ್ತು ತಂದ ದೊಡ್ಡ ರೇಡಿಯೋ. ಅದರ ಮುಂದೆ ಅಯ್ಯನವರ ಮೈಕು. ಮೇಷ್ಟ್ರಿಗೆ ಪಕ್ಕದಲ್ಲೇ ಕುರ್ಚಿ ಹಾಕಿದ್ದರು, ಎಡಗಿವಿ ರೇಡಿಯೋದ ಕಡೆ ಬರುವಂತೆ.

ಒಂಬತ್ತು ಏಳಕ್ಕೇ ಕನಕರಾಜ್ ಗುಂಡಿ ತಿರುಗಿಸಿದ, ತಡವಾದೀತು ಅಂತ. ರೇಡಿಯೋ ದನಗಳ ಕಾಲುಬಾಯಿ ಜ್ವರದ ಲಸಿಕೆಯ ಪ್ರಕಟಣೆ ಓದುತ್ತಿತ್ತು. ಇನ್ನೂರು ಜನ ತಲೆ ಬಗ್ಗಿಸಿ ಭಕ್ತಿಯಿಂದ ಕಾಲುಬಾಯಿ ಜ್ವರದ ಲಕ್ಷಣಗಳನ್ನು ಕೇಳಿದರು. ಮುಗಿದಾಗ ಹಿಂದಿನ ಬೆಂಚಿನಲ್ಲಿ ಯಾರೋ "ಆಮೆನ್" ಅಂದರು. ಜಯರಾಮಪ್ಪ ತಿರುಗಿ ಕಣ್ಣು ಕೆಕ್ಕರಿಸಿದರು.

"ಈಗ ಕ್ರೈಸ್ತ ಭಕ್ತಿಗೀತೆ. ಹಾಡುವವರು, ಚಿಕ್ಕಬಳ್ಳಾಪುರದ ದಯಾಮಣಿ ಕನಕರಾಜ್."

ಕೊಳಲು ಬಂತು. ಆಮೇಲೆ ಅವಳ ದನಿ. "ಕತ್ತಲ ಹೊಲದಲಿ..." ಅಷ್ಟು ಮಾತ್ರ ಕೇಳಿತು ಅವಳಿಗೆ. ಅಯ್ಯೋ ದೇವರೇ, ಇದು ನಾನಾ, ಅಂದುಕೊಂಡಳು. ಅಮ್ಮ ಹಾಡಿದಂತೆಯೇ ಇತ್ತು.

ಅಷ್ಟರಲ್ಲಿ ಮುಂದಿನ ಬೆಂಚಿನ ಕದಿರಮ್ಮಜ್ಜಿ ಊರುಗೋಲು ಊರಿ ಎದ್ದು ನಿಂತಳು. ಪಾಪ, ಆ ಹಾಡು ಬಂದರೆ ಕೂತಿರುವುದುಂಟೇ? ಎಂಬತ್ತು ವರ್ಷದಿಂದ ಆ ಹಾಡಿಗೆ ಆ ಚರ್ಚಿನಲ್ಲಿ ಯಾರೂ ಕೂತಿಲ್ಲ, ಯಾರೂ ಸುಮ್ಮನೆಯೂ ಇದ್ದಿಲ್ಲ. ಅಜ್ಜಿ ಎದ್ದದ್ದು ನೋಡಿ ಅವಳ ಬೆಂಚು ಎದ್ದಿತು, ಬೆಂಚು ನೋಡಿ ಸಾಲು, ಸಾಲು ನೋಡಿ ಇಡೀ ಸಭೆ. ಮರದ ಬೆಂಚುಗಳು ಕಿರ್ರೆಂದವು. ಇನ್ನೂರು ಬಾಯಿ ತೆರೆದುಕೊಂಡವು. "ಬೆಳಕನು ಬಿತ್ತಿದ ಒಡೆಯನೆ!" ಚರ್ಚಿನ ಹೆಂಚು ಹಾರಿಹೋಗುವ ಹಾಗೆ ಹಾಡಿದರು. ಕ್ವಾಯರೂ ನಾಲ್ಕು ದನಿಯಲ್ಲಿ ಸೇರಿಕೊಂಡಿತು. ಜಯರಾಮಪ್ಪ ಎಲ್ಲರಿಗಿಂತ ಜೋರು. ರೇಡಿಯೋ ಎಲ್ಲಿ, ಕೊಳಲೆಲ್ಲಿ, ದಯಾಮಣಿ ಎಲ್ಲಿ!

ಅವಳು ಕೈ ಆಡಿಸಿ ನಿಲ್ಲಿಸೋಣ ಅಂದುಕೊಂಡಳು. ನೋಡಿದರೆ, ತನ್ನ ಬಾಯಿಯೇ ತೆರೆದಿದೆ! ಇಪ್ಪತ್ತೆಂಟು ವರ್ಷದ ಅಭ್ಯಾಸ, ತಾನೂ ಕೆಳದನಿಯನ್ನು ನೆಟ್ಟಗೆ ಹಾಡುತ್ತಿದ್ದಾಳೆ, ತನ್ನ ಹಾಡಿಗೇ ಅಡ್ಡವಾಗಿ. ಇನ್ನೊಂದು ತಮಾಷೆ ಕೇಳಿ. ಆ ಸಭೆ ಯಾವ ಹಾಡನ್ನೂ ಎಳೆದು ಎಳೆದು ಹಾಡುವ ಸಭೆ. ರೇಡಿಯೋ ಮೂರೂ ಚರಣ ಮುಗಿಸಿ ಸುಮ್ಮನಾದಾಗ ಇವರು ಇನ್ನೂ ಎರಡನೆಯದರ ಕೊನೆಯಲ್ಲಿದ್ದರು. ಅರ್ಧಕ್ಕೆ ಬಿಡುವ ಜನ ಅವರಲ್ಲ. ಪೂರ್ತಿ ಹಾಡಿ, ಆಮೆನ್ ಹೇಳಿ, ಕೂತರು. ಕೂತ ಮೇಲೆ ನೋಡಿದರೆ ರೇಡಿಯೋ ಯಾವುದೋ ಸೋಪಿನ ಗುಣಗಾನ ಮಾಡುತ್ತಿತ್ತು. ಕನಕರಾಜ್ ಓಡಿ ಹೋಗಿ ಆರಿಸಿದ.

ಆರಾಧನೆ ಮುಗಿದದ್ದೇ ತಡ, ಎಲ್ಲರೂ ದಯಾಮಣಿಯ ಕೈ ಹಿಡಿದುಕೊಂಡರು. "ಏನು ಚೆನ್ನಾಗಿ ಹಾಡಿದ್ಯಮ್ಮ ರೇಡಿಯೋದಲ್ಲಿ!" "ನಮ್ಮ ಚರ್ಚಿನ ಮಾನ ಉಳಿಸ್ದೆ ಕಣೇ!" ಕದಿರಮ್ಮಜ್ಜಿಯಂತೂ ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. ಒಬ್ಬರಾದರೂ ಒಂದು ಸಾಲು ಕೇಳಿದ್ದರೆ ಕೇಳಿ! ದಯಾಮಣಿಗೆ ಕೋಪ ನೆತ್ತಿಗೇರಿತ್ತು, ಆದರೂ ಎಲ್ಲರಿಗೂ ನಗುತ್ತಾ ತಲೆ ಆಡಿಸಿದಳು. ಪ್ರೀತಿಯಿಂದ ಹಾಳು ಮಾಡಿದವರ ಮೇಲೆ ಹೇಗೆ ಎಗರಾಡುವುದು? ಕಾಣಿಕೆಗೆ ಬಂದ ಬೆಳೆಯ ಹರಾಜಿಗೆ ಜನವೆಲ್ಲ ಅಂಗಳಕ್ಕೆ ಹೋದರು. ಹೋಯಿತು, ಇದ್ದ ಒಂದು ಅವಕಾಶವೂ ಹೋಯಿತು ಅಂದುಕೊಂಡು ಅವಳು ಪುಸ್ತಕ ಇಡಲು ಒಳಗೆ ಬಂದಳು.

ಮೇಷ್ಟ್ರು ಇನ್ನೂ ಅದೇ ಕುರ್ಚಿಯಲ್ಲಿದ್ದರು. ಕುರ್ಚಿಯನ್ನು ಮುಂದೆ ಎಳೆದುಕೊಂಡು, ಕುಂಬಳಕಾಯಿ ಇದ್ದ ಜಾಗಕ್ಕೇ ತಲೆ ಬಗ್ಗಿಸಿ, ಎಡಗಿವಿಯನ್ನು ಆರಿಸಿಟ್ಟ ರೇಡಿಯೋಕ್ಕೆ ಒತ್ತಿಕೊಂಡಿದ್ದರು. ಆಗ ದಯಾಮಣಿಗೆ ಹೊಳೆಯಿತು. ಇಡೀ ಸಭೆ ಎದ್ದು ಹಾಡುವಾಗ ಮೇಷ್ಟ್ರು ಎದ್ದಿರಲಿಲ್ಲ. ಬಾಯಿ ತೆರೆದಿರಲಿಲ್ಲ. ಹಾಡುತ್ತಿದ್ದ ಇನ್ನೂರು ಜನ ಅವರ ಸತ್ತ ಬಲಗಿವಿಯ ಕಡೆಗಿದ್ದರು. ಉಳಿದ ಒಂದು ಕಿವಿ ರೇಡಿಯೋದ ಜಾಲರಿಗೆ ಅಂಟಿಕೊಂಡಿತ್ತು.

ಅವಳು ಹತ್ತಿರ ಹೋಗಿ ಅವರ ಎಡಗಡೆ ನೆಲದ ಮೇಲೆ ಕೂತಳು. ಮೇಷ್ಟ್ರು ತಲೆ ಎತ್ತಿದರು. ಕಣ್ಣು ಕೆಂಪಗಾಗಿತ್ತು.

"ಇನ್ನೊಂದು ಸಲ ಹಾಕ್ತಾರೇನಮ್ಮ ಅದನ್ನ?"

"ಇಲ್ಲ ಮೇಷ್ಟ್ರೇ. ಒಂದೇ ಸಲ ಹಾಕೋದು."

ಮೇಷ್ಟ್ರು ರೇಡಿಯೋದ ಮೇಲೆ ಅಂಗೈ ಇಟ್ಟರು. "ಆ ಹಾಡು ನನಗೆ ಗೊತ್ತು ಅಂತ ತಿಳ್ಕೊಂಡಿದ್ದೆ," ಅಂದರು. "ನಾನೇ ದನಿ ಕೂರಿಸಿದ್ದು. ಅದರೊಳಗೆ ಇಷ್ಟು ಐತೆ ಅಂತ ಇವತ್ತು ಗೊತ್ತಾಯ್ತು."

ಅಂಗಳದಲ್ಲಿ ದ್ರಾಕ್ಷಿ ಬುಟ್ಟಿಯ ಹರಾಜಿನ ಗಲಾಟೆ ನಡೆದಿತ್ತು.

"ಇಪ್ಪತ್ತೆಂಟು ವರ್ಷ," ಅಂದರು ಮೇಷ್ಟ್ರು. "ಇಪ್ಪತ್ತೆಂಟು ವರ್ಷ ನಿನ್ನ ಕುತ್ತಿಗೆ ಹಿಡ್ಕೊಂಡು ಕೂತಿದ್ನಾ ನಾನು? ನಿಜ ಹೇಳು ತಾಯಿ."

ಇಲ್ಲ ಅನ್ನಬಹುದಿತ್ತು. ದೊಡ್ಡವರು, ಕಲಿಸಿದವರು, ಕಿವಿ ಹೋಗುತ್ತಿರುವವರು. ಬೇರೆ ಯಾರಾದರೂ ಆಗಿದ್ದರೆ, ಛೆ ಛೆ ಎಲ್ಲಾದರೂ ಉಂಟೇ, ಅನ್ನುತ್ತಿದ್ದರು. ದಯಾಮಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳಿಗೆ ಆ ಮುದುಕನ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಉಕ್ಕಿತ್ತು, ಅದಕ್ಕೇ ಸುಳ್ಳು ಹೇಳಲು ಆಗಲಿಲ್ಲ.

"ಹೌದು ಮೇಷ್ಟ್ರೇ, ಹಿಡ್ಕೊಂಡಿದ್ರಿ," ಅಂದಳು. "ಈಗ ಬಿಡಿ. ಹಾಡ್ತೀನಿ."

ಮೇಷ್ಟ್ರು ನಕ್ಕುಬಿಟ್ಟರು. ನಗುತ್ತಲೇ ಕುರ್ಚಿಯಲ್ಲಿ ಬಾಗಿ ಎಡಗಿವಿಯನ್ನು ಅವಳ ಬಾಯಿಯ ಹತ್ತಿರ ತಂದರು. ಅವಳು ಆ ಕಿವಿಯೊಳಕ್ಕೆ, ಮೆಲ್ಲಗೆ, ಅಕ್ಕಯಮ್ಮನ ಮಗಳಾಗಿ, ಕೊಯ್ಲಿನ ಹಾಡನ್ನು ಮೊದಲಿನಿಂದ ಹಾಡಿದಳು. ಮೂರೂ ಚರಣ ಮುಗಿಯುವವರೆಗೆ ಮೇಷ್ಟ್ರು ಕೈ ಎತ್ತಲಿಲ್ಲ, ಎಲ್ಲೂ ತಿದ್ದಲಿಲ್ಲ.